ಎಷ್ಟು ಸೀಸ ಹಾಕಬೇಕು

ಬಂದರಿನ ಉಪ್ಪುಗಾಳಿಗೆ ಕಬ್ಬಿಣ ಮೊದಲು ಉಬ್ಬುತ್ತದೆ,
ಆಮೇಲೆ ಉದುರುತ್ತದೆ.
ಆಟಿ ತಿಂಗಳಲ್ಲಿ ಒಂದು ಕಿಲೋ ಕೂದಲೆಳೆಯಷ್ಟು ಹೆಚ್ಚು,
ದೀಪಾವಳಿಗೆ ಬರುವಾಗ ಅಷ್ಟೇ ಕಮ್ಮಿ.
ಉಮರಬ್ಬ ನನಗೆ ಹೇಳಿಕೊಟ್ಟ ಮೊದಲ ಪಾಠ ಇದು.

ನಾನಾಗ ಅಳತೆ ಮತ್ತು ತೂಕದ ಇಲಾಖೆಗೆ ಹೊಸಬಳು.
ಚೀಲದಲ್ಲಿ ಮೊಹರು, ಸುತ್ತಿಗೆ, ರಶೀದಿ ಪುಸ್ತಕ,
ಮಖಮಲ್ಲಿನ ಗುಳಿಗಳಲ್ಲಿ ಮಲಗಿದ ಹಿತ್ತಾಳೆಯ ಬಟ್ಟುಗಳು.
ಒಮ್ಮೆ ಬರಿಗೈಯಲ್ಲಿ ಎತ್ತಿದ್ದಕ್ಕೆ ಮೇಲಿನವರು ಹೇಳಿದ್ದರು:
ಬೆರಳಿನ ಜಿಡ್ಡಿಗೂ ತೂಕ ಉಂಟಮ್ಮ.

ಉಮರಬ್ಬರಿಗೆ ಇಕ್ಕಳವಿಲ್ಲ. ಐವತ್ತು ವರ್ಷ ಬರಿಗೈ.
ಬಟ್ಟಿನ ಅಡಿಯ ತೂತಿಗೆ ಸೀಸ ಕರಗಿಸಿ ಹೊಯ್ಯುವುದು,
ಹೆಚ್ಚಾದರೆ ಅರದಿಂದ ತಿಕ್ಕುವುದು, ಊದುವುದು, ಮತ್ತೆ ತಿಕ್ಕುವುದು,
ಮುಳ್ಳು ನಡುವೆ ನಿಂತಾಗ
ಉಸಿರು ಹಿಡಿದು ನನ್ನ ಕಡೆ ನೋಡುವುದು.
ನಾನು ಮೊಹರು ಹೊಡೆದರೆ ಅದು ಕಿಲೋ.
ಅಲ್ಲಿಯವರೆಗೆ ಬರೀ ಕಬ್ಬಿಣ.

ಆ ಸೋಮವಾರ, ಮೇ ಇಪ್ಪತ್ತು, ರಂಝಾನಿನ ಉಪವಾಸ.
ನನಗೊಬ್ಬಳಿಗೇ ಚಹಾ ತರಿಸಿದರು.
"ಇವತ್ತಿನಿಂದ ಕಿಲೋ ಬೇರೆ," ಎಂದೆ.
ಅರ ಕೆಳಗಿಟ್ಟರು.
"ಹೌದಾ? ಎಷ್ಟು ಸೀಸ ಹಾಕಬೇಕು?"

ಎಲ್ಲಿಂದ ಹೇಳಲಿ.
ಪ್ಯಾರಿಸ್ಸಿನ ಹತ್ತಿರ ಒಂದು ನೆಲಮಾಳಿಗೆ,
ಗಾಜಿನ ಗಂಟೆಯೊಳಗೆ ಗಾಜಿನ ಗಂಟೆ, ಅದರೊಳಗೆ
ಕೋಳಿಮೊಟ್ಟೆಗಿಂತ ಚಿಕ್ಕದೊಂದು ಪ್ಲಾಟಿನಮ್ಮಿನ ತುಂಡು.
ಮೂರು ಬೀಗದಕೈ, ಮೂವರ ಹತ್ತಿರ.
ನೂರಮೂವತ್ತು ವರ್ಷ ಲೋಕದ ಕಿಲೋ ಎಂದರೆ ಅದೊಂದೇ.
ಜೊತೆಗೆ ಹುಟ್ಟಿದ ತಮ್ಮಂದಿರನ್ನು ಪಕ್ಕಕ್ಕಿಟ್ಟು ತೂಗಿದರೆ
ವ್ಯತ್ಯಾಸ, ಒಂದು ಬೆರಳಚ್ಚಿನಷ್ಟು.

"ಕಮ್ಮಿಯಾದದ್ದು ಯಾವುದು?"
ಅದು ಕಮ್ಮಿಯಾಗುವ ಹಾಗಿಲ್ಲ. ಅದೇ ಅಲ್ಲವೇ ಕಿಲೋ?
ಅದು ಸವೆದರೆ ಕಾಯಿದೆಯ ಪ್ರಕಾರ
ಉಳಿದದ್ದೆಲ್ಲ ಭಾರವಾಗಬೇಕು:
ದಕ್ಕೆಯ ದೋಣಿಗಳು, ಸುಲ್ತಾನ್ ಬತ್ತೇರಿಯ ಕಲ್ಲು,
ಬುಟ್ಟಿಯ ಬೂತಾಯಿ, ನೀವು, ನಾನು.
ಉಮರಬ್ಬ ನಕ್ಕರು. "ದೊಡ್ಡ ಮನೆಯ ಲೆಕ್ಕ, ಮೇಡಂ."

ಈಗ ಅದನ್ನು ಗದ್ದುಗೆಯಿಂದ ಇಳಿಸಿದ್ದಾರೆ.
ಅದರ ಜಾಗಕ್ಕೆ ಒಂದು ಸಂಖ್ಯೆ: ಬಿಂದುವಿನ ಆಚೆ
ಮೂವತ್ತಮೂರು ಸೊನ್ನೆ ದಾಟಿದ ಮೇಲೆ
ಆರು, ಆರು, ಎರಡು, ಆರು...
ಬೆಳಕು ಧಾರೆಯಾಗಿ ಸುರಿಯುವುದಿಲ್ಲ, ತೊಟ್ಟಿಕ್ಕುತ್ತದೆ;
ಆ ತೊಟ್ಟಿನ ಕಟ್ಟು ಅದು.
ತುಕ್ಕಿಲ್ಲ. ಬೀಗ ಬೇಡ.
ಉಳ್ಳಾಲದಲ್ಲೂ ಅಷ್ಟೇ, ಚಂದ್ರನಲ್ಲೂ ಅಷ್ಟೇ.

ಅವರ ಹುಬ್ಬು ಇಳಿಯಲಿಲ್ಲ. ಮಲ್ಲಿಗೆಗೆ ಹೊರಳಿದೆ.
ಶಂಕರಪುರದಲ್ಲಿ ಎಂಟುನೂರು ಹೂವಿಗೆ ಒಂದು ಚೆಂಡು,
ನಾಲ್ಕು ಚೆಂಡಿಗೆ ಒಂದು ಅಟ್ಟೆ.
ಅಸಲಿ ಚೆಂಡು ಅಂತ ಯಾರೂ ಕಪಾಟಿನಲ್ಲಿಟ್ಟಿಲ್ಲ,
ಇಟ್ಟರೆ ಸಂಜೆಗೆ ಬಾಡುತ್ತದೆ.
ಎಣಿಕೆ ಗೊತ್ತಿದ್ದರೆ ಯಾರೂ, ಎಲ್ಲಿಯೂ ಕಟ್ಟಬಹುದು.
"ಹಾಗಾದರೆ ಎಣಿಸುವವಳಿಗೆ ನಿದ್ದೆ ಬರಬಾರದು," ಎಂದರು.
ಸ್ವಲ್ಪ ಹೊತ್ತು ಬಿಟ್ಟು, "ಸೀಸ?"

ಬೇಡ. ಒಂದು ಚೂರೂ ಬೇಡ.
ಇಷ್ಟೆಲ್ಲ ಬದಲಾಯಿಸಿದ್ದು
ಏನೂ ಬದಲಾಗದಿರಲಿ ಅಂತ.

ಅಂಗಡಿಗೆ ಹಲಗೆ ಹಾಕಿ ರೇಷನ್ನಿಗೆ ಹೊರಟರು; ನನ್ನ ದಾರಿಯೂ ಅದೇ.
ಅಕ್ಕಿ ತೂಗುವ ಯಂತ್ರದ ಮೇಲೆ ಈ ವರ್ಷದ ಮೊಹರು, ನನ್ನದೇ.
ಪಕ್ಕದಲ್ಲಿ ಇನ್ನೊಂದು ಪುಟ್ಟ ಯಂತ್ರ, ಹಸಿರು ದೀಪ.
ಹೆಬ್ಬೆರಳಿಟ್ಟರು. ಮುಂಡಿನ ಅಂಚಿಗೆ ಒರೆಸಿ ಮತ್ತೆ ಇಟ್ಟರು.
ತೋರುಬೆರಳು. ಎಡಗೈ. ಹತ್ತೂ ಮುಗಿದವು.
"ಗೆರೆಯೇ ಸಿಗುವುದಿಲ್ಲ ಬ್ಯಾರಿಗಳೇ, ಅದು ನಿಮ್ಮನ್ನು ಒಪ್ಪುವುದಿಲ್ಲ,"
ಅಂಗಡಿಯ ಹುಡುಗ ಮುಂದಿನವರನ್ನು ಕರೆದ.

ಅರ ಎರಡೂ ಕಡೆ ತಿಂದಿತ್ತು.
ಊರಿನ ಕಿಲೋಗಳಿಗೆಲ್ಲ ಅವರ ಬೆರಳು
ಒಂದೊಂದು ಗೆರೆ ಕೊಟ್ಟು ಮುಗಿಸಿತ್ತು.
ಹೆಬ್ಬೆರಳು ಈಗ ಹೊಸದಾಗಿ ಹೊಯ್ದ ಸೀಸದ ಹಾಗೆ ನುಣ್ಣಗೆ.

ಅದನ್ನೇ ನನ್ನ ಮುಂದೆ ಹಿಡಿದು,
ಮುಳ್ಳು ನಡುವೆ ನಿಂತಾಗ ನೋಡುವ ಹಾಗೆ
ಉಸಿರು ಹಿಡಿದು
ನೋಡಿದರು.